ರಿಪೇರಿಯಣ್ಣನ ನೂರರ ಬಲ್ಬು

ಉರಿಯುವ ಬಲ್ಬಿನ ಮೇಲೆ ಧೂಳು ಸುಟ್ಟರೆ ಒಂದು ವಾಸನೆ ಬರುತ್ತದೆ. ಮೊನ್ನೆ ಕುಣಿಗಲ್ಲಿನ ನನ್ನ ಮನೆಯ ಒಳಕೋಣೆಗೆ ಕಾಲಿಟ್ಟಾಗ ಆ ವಾಸನೆ ಮೂಗಿಗೆ ಬಡಿಯಿತು. ಬಂದದ್ದೇ ತಡ, ತುಮಕೂರಿನ ರಿಪೇರಿಯಣ್ಣ ಎದುರಿಗೆ ಬಂದು ನಿಂತಂತಾಯಿತು...

ಎಂಬತ್ತನೇ ಇಸವಿಯ ಆಸುಪಾಸಿನ ಮಾತು. ನಮ್ಮ ಯಜಮಾನರು ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಮದುವೆ, ಹರಿಕಥೆ, ಎಲೆಕ್ಷನ್ನು, ಕುಣಿಗಲ್ ಸುತ್ತ ಎಲ್ಲಿ ಸದ್ದಾದರೂ ಅದು ನಮ್ಮ ಹಾರನ್ನಿನದೇ. ಅವರು ತೀರಿಕೊಂಡ ಮೇಲೆ ನನ್ನ ಅನ್ನಕ್ಕೆ ಉಳಿದದ್ದು ಎರಡು ಹಾರನ್ನು, ಒಂದು ದೊಡ್ಡ ವಾಲ್ವ್ ಆಂಪ್ಲಿಫೈಯರು. ಅದೂ ಒಂದು ದಿನ ಬಾಯಿ ಮುಚ್ಚಿಕೊಂಡಿತು. ಊರಿನ ಮೆಕ್ಯಾನಿಕ್ಕು ನೋಡಿ, "ಟ್ರಾನ್ಸ್‌ಫಾರ್ಮರ್ ಸುಟ್ಟೋಗದೆ" ಅಂದುಬಿಟ್ಟ.

ಮೈದುನನಿಗೆ ಅಷ್ಟೇ ಸಾಕಾಯಿತು. "ಗುಜರಿಗೆ ಹಾಕ್ಬುಡಿ ಅತ್ತಿಗೆ. ಹುಲಿಯೂರುದುರ್ಗದಲ್ಲಿ ನಿಮ್ಮಣ್ಣ ಇಲ್ವಾ? ಹೆಂಗಸು ಮೈಕ್ ಕಟ್ಟೋದುಂಟಾ?" ಅಂದ. ಅಣ್ಣ ಕೆಟ್ಟವನಲ್ಲ. ಆದರೆ ಇನ್ನೊಬ್ಬರ ಒಲೆಯ ಮುಂದೆ ಕೂತು ಉಣ್ಣುವುದು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ. ತುಮಕೂರಿನ ರಿಪೇರಿಯವರೂ ಸತ್ತಿದೆ ಅಂದರೆ ನಾಳೆ ಬೆಳಿಗ್ಗೆಯೇ ಗುಜರಿಯವನನ್ನು ಕರೆದು ತಾ, ನಾನೂ ಗಂಟು ಕಟ್ಟುತ್ತೇನೆ ಎಂದು ಮಾತು ಕೊಟ್ಟು ಸೆಟ್ಟನ್ನು ಬಸ್ಸಿಗೆ ಹಾಕಿಸಿ ನಾನೂ ಹತ್ತಿದೆ.

ತುಮಕೂರಿನಲ್ಲಿ ಮೈಕ್ ರಿಪೇರಿ ಅಂಗಡಿ ಇಟ್ಟಿದ್ದ ರಿಪೇರಿಯಣ್ಣ ಗುಬ್ಬಿ ಕಡೆಯವರು. ಸಣಕಲು ಮೈ, ಮುಖದ ಮೇಲೆ ಸದಾ ಒಂದು ಸಿಡುಕು. ಯಾವ ಸೆಟ್ಟಿಗೂ ಸೀದಾ ಕರೆಂಟು ಕೊಡುತ್ತಿರಲಿಲ್ಲ. ಮಧ್ಯದಲ್ಲಿ ಒಂದು ದೊಡ್ಡ ಬಲ್ಬು ಇಟ್ಟು, ಅದರ ಮೂಲಕವೇ ಕೊಡುತ್ತಿದ್ದರು. ಸೆಟ್ಟಿನೊಳಗೆ ಶಾರ್ಟ್ ಇದ್ದರೆ ಬಲ್ಬು ಧಗ್ಗನೆ ಉರಿಯುತ್ತಲೇ ಇರುತ್ತದೆ, ಸೆಟ್ಟು ಸುಡದೆ ಉಳಿಯುತ್ತದೆ. ಎಲ್ಲ ಸರಿಯಿದ್ದರೆ ಬಲ್ಬು ಒಮ್ಮೆ ಹೊತ್ತಿಕೊಂಡು ಆಮೇಲೆ ಮಂಕಾಗುತ್ತದೆ.

"ಈ ದೀಪ ಆರ್ಬೇಕು ಕಣಮ್ಮ. ಆರಿದ್ರೆ ನೀವು ಗೆದ್ದಂಗೆ" ಅಂದರು.

ಯಜಮಾನರು ಹೋಗಿ ವರ್ಷ ತುಂಬಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. "ಬಿಡ್ತು ಅನ್ನಿ! ದೀಪ ಆರ್ಲಿ ಅಂತಾರೇನ್ರಿ ಯಾರಾದ್ರೂ?"

"ಬಿಡ್ತು, ಬಿಡ್ತು" ಅಂದರು. ಆಮೇಲೆ ಮೆಲ್ಲಗೆ, "ಆದ್ರೂ ಆರ್ಬೇಕು" ಅಂತ ಸೇರಿಸಿದರು.

ಮಧ್ಯಾಹ್ನವೆಲ್ಲ ಕೂತು ಒಳಗೆ ಏನೇನೋ ಬಿಚ್ಚಿ, ಏನೇನೋ ಬೆಸೆದರು. ಇನ್ನೇನು ಸ್ವಿಚ್ ಒತ್ತಬೇಕು, ಅಷ್ಟರಲ್ಲಿ ಅವರ ಇನ್ನೂರು ವ್ಯಾಟಿನ ಬಲ್ಬು ಟಪ್ಪೆಂದು ಹೋಯಿತು. ಉಳಿದದ್ದು ನಲವತ್ತರ ಬಲ್ಬು. ಹಾಕಿದರೆ ಉರಿಯಿತು, ಉರಿಯುತ್ತಲೇ ಇತ್ತು. 

"ಇದರ ಮಾತು ನಂಬ್ಬೇಡಿ. ದೊಡ್ಡ ಸೆಟ್ಟಿಗೆ ಸಣ್ಣ ಬಲ್ಬ್ ಹಾಕಿದ್ರೆ, ಸೆಟ್ ಚೆನ್ನಾಗಿದ್ರೂ ಹಿಂಗೇ ಉರಿಯೋದು. ನಿಮ್ಮೂರಿನೋನು ಇದ್ನೇ ನೋಡಿ ಸತ್ತೋಯ್ತು ಅಂದವ್ನೆ."

"ಹಂಗಾದ್ರೆ ಬಲ್ಬ್ ಇಲ್ದೇನೆ ಸೀದಾ ಹಾಕಿ."

"ಎಲ್ಲಾದ್ರೂ ಶಾರ್ಟ್ ಉಳ್ಕೊಂಡಿದ್ರೆ ಆಗ ನಿಜವಾಗ್ಲೂ ಸುಟ್ಟೋಗುತ್ತೆ. ಆ ಪಾಪ ನಂಗೆ ಬೇಡ. ನೂರರದ್ದು ಎರಡು ಸಿಕ್ಕಿದ್ರೆ ಜೋಡಿ ಮಾಡ್ತೀನಿ."

ಎಲ್ಲಿಂದ ತರುವುದು? ಅವತ್ತು ಮಂಗಳವಾರ, ಎಲೆಕ್ಟ್ರಿಕ್ ಅಂಗಡಿಗಳಿಗೆ ವಾರದ ರಜೆ. ಬೀದಿಯ ಮನೆಗಳಲ್ಲಿ ಕೇಳೋಣವೆಂದರೆ ರಿಪೇರಿಯಣ್ಣನಿಗೂ ಬೀದಿಗೂ ಮಾತಿಲ್ಲ. ದಿನವಿಡೀ "ಹಲೋ, ಮೈಕ್ ಟೆಸ್ಟಿಂಗ್" ಎಂದು ಕೂಗುವವನನ್ನು ಯಾರು ತಾನೇ ಸಹಿಸುತ್ತಾರೆ? "ನಾನ್ ಹೋದ್ರೆ ಬಾಗಿಲೇ ತೆಗೆಯಲ್ಲ" ಅಂದರು. ನಾನೇ ಹೋದೆ.

ಹೊತ್ತು ಮುಳುಗುವ ಸಮಯ. ಮೊದಲ ಮನೆಯ ಹೆಂಗಸು ನನ್ನ ಬರಿ ಹಣೆಯನ್ನು ನೋಡಿದಳು. "ಮಂಗಳವಾರ, ದೀಪ ಹಚ್ಚೋ ಹೊತ್ತು... ಬಾಗಿಲಿಗೆ ಬಂದು ದೀಪಾನೇ ಕೇಳ್ತೀಯಲ್ಲಮ್ಮ!" ಎಂದು ಬಾಗಿಲು ಹಾಕಿಕೊಂಡಳು. ಅವಳದೇನು ತಪ್ಪು? ಆ ಹೊತ್ತಿನಲ್ಲಿ ನಮ್ಮ ಮನೆಯಿಂದಲೂ ಉಪ್ಪು ಸಹ ಆಚೆ ಹೋಗುತ್ತಿರಲಿಲ್ಲ. ಮುಂದಿನ ಮನೆಗಳಲ್ಲೂ ಅದೇ ಮಾತು. ಕಣ್ಣು ತುಂಬಿಕೊಂಡು ಬಂತು. ಊರೆಲ್ಲ ದೀಪ ಹೊತ್ತುವಾಗ ನಾನೊಬ್ಬಳು ಬೀದಿಯಲ್ಲಿ ನಿಂತಿದ್ದೆ.

ಮೂಲೆಯ ಸೆಲೂನಿನವನು ಮಾತ್ರ ನಕ್ಕ. "ಅಂಗಡಿ ಬಲ್ಬಿಗೆ ಯಾವ ಶಾಸ್ತ್ರ? ತಗೊಂಡೋಗಕ್ಕ, ಬೇಗ ತಂದುಬುಡು" ಎಂದು ಬಿಚ್ಚಿಯೇ ಕೊಟ್ಟ. ಕುರ್ಚಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿ, "ಏನ್ಲಾ ಇದು, ನನ್ನ ಗತಿ?" ಎಂದು ಕತ್ತಲಲ್ಲೇ ಕೂಗಾಡುತ್ತಿದ್ದ.

ಒಂದಾಯಿತು. ಇನ್ನೊಂದು? ವಾಪಸ್ಸು ಬರುವಷ್ಟರಲ್ಲಿ ರಿಪೇರಿಯಣ್ಣ ಎಲ್ಲಿಗೋ ಹೋಗಿ ಬಂದಿದ್ದರು. ಟವೆಲ್ಲಿನಲ್ಲಿ ಸುತ್ತಿದ್ದ ಬಲ್ಬು ಇನ್ನೂ ಬಿಸಿಯಿತ್ತು. ಅದರ ಧೂಳಿನ ವಾಸನೆ...

"ನನ್ನ ರೂಮಿಂದು. ಹಗಲೂ ಉರೀತಾನೇ ಇರುತ್ತೆ."

"ಹಗಲಲ್ಲಿ ಯಾಕೆ?"

"ಬೀಗ ತೆಗೆದ್ರೆ ಒಳಗೆ ಯಾರೋ ಅವ್ರೆ ಅನ್ನಿಸ್ಬೇಕಲ್ಲಮ್ಮ."

ಹೆಂಡತಿ ಹೋದ ಮೇಲೆ ಅವರು ಒಬ್ಬರೇ ಇದ್ದರು. 

ಎರಡೂ ಬಲ್ಬು ಜೋಡಿಸಿದರು. "ನಿಮ್ ಸೆಟ್ಟು, ನೀವೇ ಒತ್ತಿ." ಒತ್ತಿದೆ. ಅಯ್ಯೋ, ಎರಡೂ ಧಗ್ಗನೆ ಹೊತ್ತಿಕೊಂಡವು! ಹುಲಿಯೂರುದುರ್ಗದ ಬಸ್ಸೇ ಕಣ್ಣ ಮುಂದೆ ಬಂತು. ಆಮೇಲೆ ನಿಧಾನಕ್ಕೆ ಬೆಳಕು ಇಳಿಯಿತು. ಇಳಿದು ಇಳಿದು, ಒಳಗಿನ ತಂತಿ ಕೆಂಪಗೆ ಕಾಣುವಷ್ಟು ಮಂಕಾಯಿತು. ಆ ಹೊತ್ತಿಗೆ ಹಾರನ್ನು ಗುಂಯ್ ಅಂದಿತು.

"ಆರ್ತು!" ಎಂದು ಕೂಗಿದವಳು ನಾನೇ. ಬಿಡ್ತು ಅನ್ನಿ ಅಂದ ಬಾಯಿ ಅದೇ!

ಅವರು ಮೈಕು ಕೈಗೆ ಕೊಟ್ಟರು. ಏನು ಹೇಳಬೇಕೋ ತೋಚದೆ, "ಸೆಲೂನಣ್ಣಾ, ನಿನ್ನ ಬಲ್ಬ್ ತರ್ತಾ ಇದೀನಿ" ಅಂದೆ. ಇಡೀ ಬೀದಿಗೆ ಕೇಳಿಸಿತು. ರಿಪೇರಿಯಣ್ಣ ನಕ್ಕದ್ದನ್ನು ನಾನು ನೋಡಿದ್ದು ಆಗಲೇ.

ತಮ್ಮ ಬಲ್ಬನ್ನು ಒಂದು ಹಲಗೆಗೆ ಕೂರಿಸಿ, ವೈರು ಎಳೆದು, "ಸೆಟ್ಟಿನ ಜೊತೇಲೇ ಇಟ್ಕೊಳ್ಳಿ, ಸರಿಹೋದ ಸೆಟ್ ನೋಡೋಕೆ ಇದೊಂದೇ ಸಾಕು, ಯಾರ ಮಾತೂ ನಂಬ್ಬೇಡಿ" ಎಂದು ನನ್ನ ಕೈಗಿತ್ತು ಬಸ್ಸು ಹತ್ತಿಸಿದರು. ಅವರು ಹೋಗಿ ಬೀಗ ತೆಗೆಯುವುದು ಕತ್ತಲ ಕೋಣೆಗೆ ಎಂದು ನನಗೆ ಹೊಳೆದಾಗ ಬಸ್ಸು ತುಮಕೂರು ದಾಟಿತ್ತು.

ಆಮೇಲೆ ಕುಣಿಗಲ್ ಸುತ್ತ ಮೈಕ್ ಕಟ್ಟಿದ್ದು ನಾನೇ. ಮೈದುನನ ಮಗಳ ಮದುವೆಗೂ ನನ್ನದೇ ಹಾರನ್ನು. ತುಮಕೂರಿಗೆ ಹೋದಾಗಲೆಲ್ಲ ಬೇರೆಯವರು ಹಣ್ಣು ಒಯ್ಯುವಂತೆ ನಾನು ನೂರರ ಬಲ್ಬು ಒಯ್ಯುತ್ತಿದ್ದೆ. "ಬಂತು ನೋಡು ತಾಂಬೂಲ" ಅನ್ನುತ್ತಿದ್ದರು.

ಒಮ್ಮೆ ಹೋದಾಗ ಅಂಗಡಿಗೆ ಬೀಗ. ಸೆಲೂನಿನವನು ತಲೆ ತಗ್ಗಿಸಿದ. "ಹೋಗ್ಬುಟ್ರು ಕಣಕ್ಕ. ಗುಬ್ಬಿಯವ್ರು ಬಂದು ಎತ್ಕೊಂಡೋದ್ರು." ಹಿಂದಿನ ಬೀದಿಯ ಅವರ ಕೋಣೆಗೆ ಹೋದೆ. ಬಾಗಿಲಿಗೆ ಬೀಗವಿತ್ತು. ಕಿಟಕಿಯ ಸಂದಿಯಲ್ಲಿ ಮಾತ್ರ ಬೆಳಕು. ನಾನು ಕೊಟ್ಟ ಬಲ್ಬು ಖಾಲಿ ಕೋಣೆಯಲ್ಲಿ ಉರಿಯುತ್ತಲೇ ಇತ್ತು... ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಯಜಮಾನರು ಹೋದಾಗ ಸುತ್ತ ಜನವಿದ್ದರು. ಇವರಿಗಾಗಿ ಅಳುವುದಕ್ಕೆ ನಾನು ಇವರಿಗೆ ಏನಾಗಬೇಕು ಎಂದು ಯಾರಾದರೂ ಕೇಳಿದ್ದರೆ, ಹೇಳಲು ನನ್ನ ಬಳಿ ಒಂದು ಪದವೂ ಇರಲಿಲ್ಲ.

ಅವರು ಕೊಟ್ಟ ಬಲ್ಬು ಎಂದೋ ಹೋಯಿತು, ಹಲಗೆ ಉಳಿದಿದೆ. ಈಗ ಗುಬ್ಬಿಯ ನಾಟಕದ ಹುಡುಗರು ಹಳೇ ಸೆಟ್ಟು ಕೇಳಿದ್ದಾರೆ. ಪರೀಕ್ಷೆ ಮಾಡದೆ ಕೊಡುವುದು ಹೇಗೆ? ಅಂಗಡಿಯಲ್ಲಿ ನೂರರ ಬಲ್ಬು ಕೇಳಿದರೆ, "ಅದೆಲ್ಲ ಈಗ ಬರಲ್ಲ ಅಜ್ಜಿ" ಎಂದು ಎಲ್‌ಇಡಿ ಕೊಟ್ಟ. ಹಲಗೆಗೆ ಹಾಕಿದರೆ ಅದು ಸುಮ್ಮನೆ ಕಣ್ಣು ಮಿಟುಕಿಸಿತು. ಸೆಟ್ಟು ಬದುಕಿದೆಯೋ ಸತ್ತಿದೆಯೋ, ಒಂದನ್ನೂ ಹೇಳಲಿಲ್ಲ.

ಮನೆಯಲ್ಲಿ ಹಳೇ ಕಾಲದ ನೂರರ ಬಲ್ಬು ಉಳಿದಿರುವುದು ಒಂದೇ. ಒಳಕೋಣೆಯಲ್ಲಿ ಹಗಲೂ ಉರಿಯುತ್ತಿರುತ್ತದೆ, ನಾನು ಬೀಗ ತೆಗೆದು ಒಳಗೆ ಬರುವಾಗ ಇರಲಿ ಎಂದು. ಸ್ಟೂಲು ಹತ್ತಿ, ಸೆರಗಿನಲ್ಲಿ ಅದನ್ನು ಹಿಡಿದೆ. ಧೂಳು ಸುಟ್ಟ ವಾಸನೆ ಬಂತು.  ಬಿಚ್ಚಲು ಆಗಲಿಲ್ಲ, ಇಳಿದುಬಿಟ್ಟೆ.

ಅವರು ನನಗಾಗಿ ಬಿಚ್ಚಿ ತಂದಿದ್ದರು.