ಗಲ್ಲದೊಳಗಿನ ಒಣದ್ರಾಕ್ಷಿ

ಇವತ್ತು ಪಾಯಸಕ್ಕೆಂದು ಒಣದ್ರಾಕ್ಷಿ ಡಬ್ಬಿ ತೆಗೆದೆ. ಆ ಹುಳಿಸಿಹಿ ವಾಸನೆಗೆ ತಿಕೋಟಾದ ದ್ರಾಕ್ಷಿ ಒಣಗಿಸುವ ಶೆಡ್ಡೇ ಕಣ್ಣ ಮುಂದೆ ಬಂತು.

ನಾನು ಚಿಕ್ಕವಳಿದ್ದಾಗ ಅಲ್ಲಿ ನಮ್ಮ ಸೋದರತ್ತೆ ಒಣದ್ರಾಕ್ಷಿ ಆರಿಸುತ್ತ ಹಾಡುತ್ತಿದ್ದಳು. ಗಲ್ಲದಲ್ಲಿ ಸದಾ ಎಲೆ, ತಂಬಾಕು; ಅದಕ್ಕೇ ದನಿ ತುಸು ದಪ್ಪ. ಆ ದನಿ ನನಗೂ ಬರಲೆಂದು ನಾನು ಗಲ್ಲದಲ್ಲಿ ನಾಲ್ಕು ದ್ರಾಕ್ಷಿ ಇಟ್ಟುಕೊಂಡು ಹಾಡುತ್ತಿದ್ದೆ. ಎಳೆತ, ತಿರುವು ಎಲ್ಲ ಥೇಟ್ ಅತ್ತೆಯದೇ.

ಒಂದು ದಿನ ಚಿಕ್ಕಪ್ಪನ ಮಗಳು ಕಸ್ತೂರಿ ಅದೇ ಹಾಡನ್ನು ಬಾಯಿ ತುಂಬ ತೆರೆದು, ತನಗೆ ತಿಳಿದಂತೆ ಹಾಡಿದಳು. ಅತ್ತೆಯ ಕೈ ನಿಂತುಬಿಟ್ಟಿತು.

“ಇನ್ನೊಮ್ಮೆ ಹಾಡ ಬೇ ಕಸ್ತೂರಿ,” ಎಂದಳು. ಆಮೇಲೆ ನನ್ನತ್ತ ತಿರುಗಿ, “ನೀ ಬಾಯಾಗಿಂದು ಉಗುಳಿ ಹಾಡ. ನನ್ನ ದನಿ ನನ್ನ ಕಡೆ ಐತಿ, ನಿಂದು ಎಲ್ಲೈತಿ?” ಎಂದಳು.

ನಾನು ಉಗುಳಲಿಲ್ಲ. ಹಾಡುವುದನ್ನೇ ಬಿಟ್ಟೆ. ಕಸ್ತೂರಿಯ ಜಡೆ ಹಿಡಿದು ಎಳೆಯಬೇಕೆನಿಸಿತ್ತು, ಈಗಲೂ ಅನಿಸುತ್ತದೆ.

ಈಗ ವಿಜಯಪುರದಲ್ಲಿ ಎಲ್ಲಿ ಭಜನೆಯಿದ್ದರೂ ಅವಳದೇ ಹಾಡು, ಫೋನು ತೆರೆದರೆ ಅವಳದೇ ವಿಡಿಯೋ.

ಇವತ್ತು ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಖಾಲಿ ಬಾಯಲ್ಲಿ ಅದೇ ಹಾಡು ಹಾಡಿ, ರೆಕಾರ್ಡ್ ಮಾಡಿ ಕೇಳಿದೆ. ಅತ್ತೆಯದಲ್ಲದ ದನಿ. ಹೇಗಿದೆಯೆಂದು ಹೇಳಲು ಅತ್ತೆ ಈಗ ಬದುಕಿಲ್ಲ. ಆ ಹಾಡು ಬಲ್ಲವಳೆಂದರೆ ಇನ್ನು ಕಸ್ತೂರಿ ಒಬ್ಬಳೇ.

ಅವಳಿಗಂತೂ ಕಳಿಸುವುದಿಲ್ಲ.