ಹಸಿರನ್ನೂ ನಂಬದ ತೊಟ್ಟಿಯಮ್ಮ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ನಲ್ಲಿಗಳಿಗೆ ಕ್ರೋಮಿಯಂ ಲೇಪ ಹಾಕುವ ಕಾರ್ಖಾನೆಯ ಹಿಂಭಾಗದಲ್ಲಿ, ಲೇಪ ತೊಳೆದ ನೀರು ತುಂಬಿದ ತೊಟ್ಟಿಯ ಮೇಲೆ ಬಗ್ಗಿ ನಿಂತಿದ್ದಾರೆ ತೊಟ್ಟಿಯಮ್ಮ. ಹೆತ್ತವರು ಇಟ್ಟ ಹೆಸರು ಬೇರೆ. ಇಲ್ಲಿ ಅದನ್ನು ಕೇಳಿದರೆ ಕಾವಲುಗಾರನೂ ತಲೆ ಕೆರೆದುಕೊಳ್ಳುತ್ತಾನೆ. ವಿಷ ಇಳಿಸುವ ಪುಡಿ ಹಾಕುವ ಮುಂಚೆ ಹಳದಿಯಾಗಿದ್ದ ನೀರು ಈಗ ಹಸಿರಾಗಿದೆ.

"ಹಸಿರಾಯ್ತಲ್ಲಮ್ಮ, ಬಿಡಿ ಮುಂದಕ್ಕೆ! ಒಳಗೆ ಕೆಲಸ ನಿಂತಿದೆ," ಎಂದು ಮೇಸ್ತ್ರಿ ಬಾಗಿಲಿನಿಂದಲೇ ಕೂಗುತ್ತಾರೆ.

"ಸ್ವಲ್ಪ ತಡ್ಕೊಳ್ಳಪ್ಪ. ಹಸಿರಿನ ಹಿಂದೆ ಹಳದಿ ಬಚ್ಚಿಟ್ಕೊಂಡಿರುತ್ತೆ."

ಹಳದಿ ನೀರಿನ ಕ್ರೋಮಿಯಂ ಆರರ ಸ್ಥಿತಿಯಲ್ಲಿರುತ್ತದೆ. ಅದು ಬರೀ ವಿಷ. ಹಸಿರಿನದು ಮೂರರ ಸ್ಥಿತಿ, ಅಷ್ಟು ಕೆಟ್ಟದ್ದಲ್ಲ. ಪುಸ್ತಕದಲ್ಲಿ ಉತ್ಕರ್ಷಣ ಸ್ಥಿತಿ ಎನ್ನುವ ಈ ಲೆಕ್ಕವನ್ನು ಅವರಿಗೆ ಹೇಳಿಕೊಟ್ಟವರು ಹಿಂದೆ ಇಲ್ಲಿದ್ದ ಕೆಮಿಸ್ಟ್. "ಲೇಪಕ್ಕೆ ಅಂತ ಪೀಪಾಯಿಲಿ ಬರೋ ಕೆಂಪು ಹರಳಲ್ಲಿ ಒಂದು ಕ್ರೋಮಿಯಂಗೆ ಮೂರು ಆಕ್ಸಿಜನ್ ಗಂಟುಬಿದ್ದಿರ್ತವೆ. ಒಂದೊಂದೂ ಕ್ರೋಮಿಯಂದು ಎರಡೆರಡು ಎಲೆಕ್ಟ್ರಾನ್ ಕಿತ್ಕೊಂಡ ಲೆಕ್ಕ. ಮೂರೆರಡ್ಲಿ ಆರು! ನಾನು ಹಾಕೋ ಪುಡಿ ಮೂರನ್ನ ವಾಪಸ್ ಕೊಡುತ್ತೆ, ಉಳಿಯೋದು ಮೂರು," ಎಂದು ತೊಟ್ಟಿಯಮ್ಮ ಮಗ್ಗಿ ಒಪ್ಪಿಸುವ ಹಾಗೆ ಹೇಳಿ ನಗುತ್ತಾರೆ.

ಮುಂದಿನ ತೊಟ್ಟಿಯ ಸುಣ್ಣ ಮೂರರದ್ದನ್ನು ಮಾತ್ರ ತಳಕ್ಕೆ ಕೂರಿಸುತ್ತದೆ. ಆರರದ್ದು ಉಳಿದಿದ್ದರೆ ನೀರಿನ ಜೊತೆಗೇ ಹಳ್ಳ ಸೇರುತ್ತದೆ. ಹಳ್ಳದ ಪಕ್ಕದಲ್ಲಿ ಬಾವಿ ನೀರು ಕುಡಿಯುವ ಮನೆಗಳಿವೆ. ಅದರಲ್ಲೊಂದು ಅವರ ತಂಗಿಯದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರೂ ಕಣ್ಣನ್ನೇ ನಂಬಿ ಒಮ್ಮೆ ವಾಲ್ವ್ ತಿರುಗಿಸಿದ್ದರು. ಕೆಮಿಸ್ಟ್ ಓಡಿಬಂದು ಮುಚ್ಚಿದರೂ ಒಂದಷ್ಟು ಹೋಗಿಯೇ ಬಿಟ್ಟಿತ್ತು. "ಅವತ್ತು ತಂಗಿ ಮನೆಗೆ ಹೋಗಿ, 'ಸ್ವಲ್ಪ ದಿನ ಬಾವಿ ನೀರು ಮುಟ್ಬೇಡ' ಅಂದೆ. ಯಾಕೆ ಅಂತ ಹೇಳೋಕೆ ಬಾಯೇ ಬರ್ಲಿಲ್ಲ."

ಅಂದಿನಿಂದ ಅವರು ನಂಬುವುದು ಬಿಳಿ ಟೈಲ್ಸನ್ನು. ಅದರ ಮೇಲೆ ತೊಟ್ಟಿಯ ನೀರು ಒಂದು ಹನಿ, ಪುಟ್ಟ ಸೀಸೆಯ ದ್ರಾವಣ ಒಂದು ಹನಿ. ಆರರದ್ದಿದ್ದರೆ ನೇರಳೆ ಬಣ್ಣ ಏಳಬೇಕು. ಏಳುತ್ತದೆ. ಮೇಸ್ತ್ರಿಯ ಮುಖ ಹುಳ್ಳಗಾಗುತ್ತದೆ. ತೊಟ್ಟಿಯಮ್ಮ ಇನ್ನಷ್ಟು ಪುಡಿ ಸುರಿದು, ತೋಳು ಸೋಲುವ ತನಕ ಕಲಕಿ, ಮತ್ತೆ ಹನಿ ಬಿಡುತ್ತಾರೆ. ತಿಳಿ ನೇರಳೆ. ಮತ್ತೆ ಪುಡಿ. ಒಳಗಿನಿಂದ ಗೊಣಗಾಟ ಕೇಳಿದರೂ ಅವರು ತಲೆ ಎತ್ತುವುದಿಲ್ಲ. ಕೊನೆಗೂ ಹನಿ ಬಣ್ಣವೇರದೆ ಉಳಿದಾಗ ವಾಲ್ವ್ ತಿರುಗುತ್ತದೆ.

"ಮೊನ್ನೆ ತಂಗಿ ಕೇಳಿದ್ಳು, 'ಅಕ್ಕಾ, ಅಲ್ಲಿ ಅಷ್ಟು ಹೊತ್ತು ಏನ್ಮಾಡ್ತೀಯೇ?' ಅಂತ. 'ನೀರು ಬಿಡ್ತೀನಿ' ಅಂದೆ. 'ಅಷ್ಟೇನಾ!' ಅಂತ ಬಿದ್ದು ಬಿದ್ದು ನಕ್ಕಳು," ಎನ್ನುತ್ತಾ ಕೈ ತೊಳೆದುಕೊಳ್ಳುತ್ತಾರೆ. "ಅವಳು ಹಂಗೇ ನಗ್ತಾ ಇರ್ಲಿ. ನನಗೆ ಇನ್ನೇನು ಬೇಕು?"