ಉಸಿರು ಕೊಟ್ಟ ಕ್ಲಾರಿನೆಟ್ ಮೇಷ್ಟ್ರು

ನಮ್ಮ ಕ್ಲಾರಿನೆಟ್ ಮೇಷ್ಟ್ರ ಕೆಳತುಟಿಯ ಒಳಗೆ ಜಡ್ಡುಗಟ್ಟಿದ ಒಂದು ಗೆರೆಯಿತ್ತು. ಐವತ್ತು ವರ್ಷ ಕ್ಲಾರಿನೆಟ್ ಕಚ್ಚಿ ಹಿಡಿದ ಗುರುತು. ಕೇಳಿದವರಿಗೆ ತುಟಿ ಮಗುಚಿ ತೋರಿಸಿ, "ಇದೇ ಕಣಪ್ಪಾ ನನ್ ಸರ್ಟಿಫಿಕೇಟು. ಲ್ಯಾಮಿನೇಷನ್ ಮಾಡ್ಸಕ್ಕಾಗಕಿಲ್ಲ" ಎಂದು ನಗುತ್ತಿದ್ದರು.

ಅರಸೀಕೆರೆಯ ಮದುವೆ ಬ್ಯಾಂಡಿಗೆ ಅವರೇ ಯಜಮಾನರು. ಡಿಗ್ರಿ ಓದುತ್ತಿದ್ದ ನನ್ನ ಕೈಗೆ ಟ್ರಂಪೆಟ್ ಕೊಟ್ಟವರೂ ಅವರೇ. ಅವರ ಬ್ಯಾಂಡಿನಲ್ಲಿ ಒಂದು ಕಟ್ಟುಪಾಡಿತ್ತು. ಮೆರವಣಿಗೆಯಲ್ಲಿ ಒಬ್ಬನ ದಮ್ಮು ಕಟ್ಟಿದರೆ ಪಕ್ಕದವನು ಅವನ ಪಾಲನ್ನು ಎತ್ತಿಕೊಳ್ಳಬೇಕು. ಸೋತವನು ವಾದ್ಯ ಇಳಿಸಬಾರದು, ತುಟಿಗಿಟ್ಟುಕೊಂಡೇ ಸುಧಾರಿಸಿಕೊಳ್ಳಬೇಕು. ನೋಡುವವರಿಗೆ ಗೊತ್ತಾಗಕೂಡದು. ಇದನ್ನು ಅವರು 'ಉಸಿರು ಕೊಡೋದು' ಎನ್ನುತ್ತಿದ್ದರು.

ಮಾದಿಹಳ್ಳಿಯ ಒಂದು ಮದುವೆಯಲ್ಲಿ ನನ್ನ ತುಟಿ ಒಡೆದು ರಕ್ತ ಬಂತು. ಗಂಡಿನ ಕಡೆಯವರು ಎದುರಿಗೇ ಕುಣಿಯುತ್ತಿದ್ದಾರೆ! ಊದಲಾಗದೆ ಟ್ರಂಪೆಟ್ಟನ್ನು ಸುಮ್ಮನೆ ತುಟಿಗಿಟ್ಟುಕೊಂಡು ನಡೆದೆ. ಮೇಷ್ಟ್ರು ಓರೆಗಣ್ಣಲ್ಲಿ ನೋಡಿದವರೇ ನನ್ನ ಪಾಲನ್ನು ತಮ್ಮ ಕ್ಲಾರಿನೆಟ್ಟಿನಲ್ಲಿ ಎತ್ತಿಕೊಂಡರು, ಚಪ್ಪರ ಮುಟ್ಟುವವರೆಗೂ ಬಿಡಲಿಲ್ಲ. ಆಮೇಲೆ ಮದುವೆಗಂಡಿನ ತಂದೆ ಬಂದು ನನ್ನ ಬೆನ್ನು ತಟ್ಟಿ, "ಏನ್ ಊದ್ತೀಯಪ್ಪಾ!" ಎಂದರು. ನಾನು ನಿಜ ಹೇಳಲು ಬಾಯಿ ತೆರೆದೆ. ಮೇಷ್ಟ್ರು ಮೆಲ್ಲಗೆ, "ಬಾಯ್ ಮುಚ್ಕಂಡು ಒಪ್ಕಳ್ಲಾ" ಎಂದರು.

ಮುಂದೆ ನಾವು ಐದು ಜನ ಗೆಳೆಯರು ಒಂದು ತಂಡ ಕಟ್ಟಿದೆವು. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಕುಣಿತಕ್ಕೆಂದೇ ನುಡಿಸುತ್ತಿದ್ದ ಜಾಝ್, ಹಾಟ್ ಜಾಝ್ ಎಂದು ಅದರ ಹೆಸರು, ಅದನ್ನು ಮತ್ತೆ ಜನರೆದುರು ನುಡಿಸಬೇಕೆಂಬ ಹುಚ್ಚು ನಮಗೆ. ಹಳೆಯ ರೆಕಾರ್ಡು ಕೇಳಿ ಕೇಳಿ ಕಲಿತರೂ ಜೀವ ಬರುತ್ತಿರಲಿಲ್ಲ. ಒಂದು ದಿನ ಮೇಷ್ಟ್ರಿಗೆ ನುಡಿಸಿ ತೋರಿಸಿದೆವು. ಅವರ ಕಣ್ಣು ತುಂಬಿತು.

"ಅಯ್ಯೋ, ಇದು ನಮ್ಮಪ್ಪ ಬ್ರಿಟಿಷ್ರ ಕಾಲ್ದಲ್ಲಿ ರೈಲ್ವೆ ಕಾಲೋನಿ ದೊರೆಗಳ ಡ್ಯಾನ್ಸಿಗೆ ಊದ್ತಿದ್ದ ಮಟ್ಟು ಕಣ್ರಲಾ! ನೀವು ಭಜನೆ ಮಾಡ್ದಂಗೆ ಎಲ್ರೂ ಒಂದೇ ಊದ್ತೀರ. ಇದು ಜಗಲಿ ಹರಟೆ. ಎಲ್ರೂ ಒಟ್ಟಿಗೇ ಮಾತಾಡ್ಬೇಕು, ಆದ್ರೆ ಒಬ್ರುದ್ ಒಬ್ರು ಕೇಳುಸ್ಕೋಬೇಕು."

ನಮ್ಮ ಎರಡು ವರ್ಷದ ಗಂಟು ಅಷ್ಟರಲ್ಲೇ ಬಿಚ್ಚಿಕೊಂಡಿತು.

ಆ ಹೊತ್ತಿಗೆ ಮೇಷ್ಟ್ರ ಮುಂದಿನ ಹಲ್ಲುಗಳು ಹೋಗಿ, ಊದುವುದು ನಿಂತಿತ್ತು. ಬೇಲೂರಿನಲ್ಲಿ ನಮ್ಮ ಕಾರ್ಯಕ್ರಮ ಗೊತ್ತಾಗಿದ್ದೇ ತಡ, ಹಲ್ಲಿನ ಸೆಟ್ ಕಟ್ಟಿಸಿಕೊಂಡು ಬಂದರು. "ಒಂದ್ಸಲ ನಮ್ಮಪ್ಪನ ಮಟ್ಟು ಜನರ ಮುಂದೆ ಊದ್ಬೇಕು ಕಣ್ಲಾ. ಆಮೇಲೆ ಸತ್ರೂ ಚಿಂತೆ ಇಲ್ಲ" ಎಂದರು. ಅಭ್ಯಾಸದಲ್ಲಿ ಸೆಟ್ ಅಲ್ಲಾಡಿ ಕ್ಲಾರಿನೆಟ್ ಕೀಚಲು ಹೊಡೆಯುತ್ತಿತ್ತು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಬೇಲೂರಿನಲ್ಲಿ ಸಭಾಂಗಣ ತುಂಬಿತ್ತು. ನಾನೆಂಥ ಹೇಡಿ ನೋಡಿ. ಮೈಕಿನವನ ಕಿವಿಯಲ್ಲಿ, "ಕ್ಲಾರಿನೆಟ್ ಮೈಕ್ ಆಫ್ ಮಾಡ್ಬಿಡಪ್ಪಾ" ಎಂದೆ. ಮೇಷ್ಟ್ರ ಮರ್ಯಾದೆ ಉಳಿಸುತ್ತಿದ್ದೇನೆ ಎಂದುಕೊಂಡೆ, ಉಳಿಸಿಕೊಂಡದ್ದು ನನ್ನದನ್ನು. ಆ ದಿನ ಅವರ ಹಲ್ಲು ಒಂದು ಸಲವೂ ಅಲುಗಲಿಲ್ಲ. ಬೆವರು ಸುರಿಸಿಕೊಂಡು, ಅಪ್ಪನ ಮಟ್ಟನ್ನು ಎಷ್ಟು ಚೆನ್ನಾಗಿ ಊದಿದರು! ಅದು ಕೇಳಿಸಿದ್ದು ಪಕ್ಕದಲ್ಲಿ ನಿಂತಿದ್ದ ನಮಗಷ್ಟೇ.

ವಾಪಸು ಬರುವಾಗ ವ್ಯಾನಿನಲ್ಲಿ ಕೇಳಿದರು: "ಸ್ಪೀಕರ್ ಬಾಕ್ಸಲ್ಲಿ ನನ್ ದನಿ ಬರ್ಲೇ ಇಲ್ವಲ್ಲ. ಮೈಕ್ ಕೆಟ್ಟಿತ್ತೇನ್ಲಾ?"

"ಹೂಂ ಮೇಷ್ಟ್ರೇ, ಕೆಟ್ಟಿತ್ತು."

"ಹೋಗ್ಲಿ ಬಿಡು. ಮೈಕ್‌ನೋನ್ನ ಬಯ್ಬೇಡ, ಪಾಪ. ಮುಂದಿನ್ಸಲ ಊದುದ್ರಾಯ್ತು."

ಮುಂದಿನ ಸಲ ಬರಲಿಲ್ಲ. ಎರಡೇ ತಿಂಗಳಿಗೆ ಎದೆನೋವು ಬಂದು ಹೊರಟುಹೋದರು. ಅವರ ಬ್ಯಾಂಡಿನವರೇ ಶವಯಾತ್ರೆಯ ಮುಂದೆ ಊದುತ್ತ ನಡೆದರು. ನಾನೂ ಟ್ರಂಪೆಟ್ ಹಿಡಿದು ಸಾಲಿಗೆ ಸೇರಿದೆ. ಅರ್ಧ ದಾರಿಯಲ್ಲಿ ಅಳು ಒತ್ತರಿಸಿ ಉಸಿರು ನಿಂತಿತು. ವಾದ್ಯ ತುಟಿಗಿಟ್ಟುಕೊಂಡೇ ನಡೆದೆ. ಪಕ್ಕದವರು ಓರೆಗಣ್ಣಲ್ಲಿ ನೋಡಿ ನನ್ನ ಪಾಲನ್ನು ಎತ್ತಿಕೊಂಡರು, ಕೊನೆಯವರೆಗೂ ಬಿಡಲಿಲ್ಲ.

ಎಲ್ಲ ಮುಗಿದ ಮೇಲೆ ಮೇಷ್ಟ್ರ ನೆಂಟರೊಬ್ಬರು ನನ್ನ ಬೆನ್ನು ತಟ್ಟಿ, "ಗುರುವಿನ ಋಣ ತೀರ್ಸ್ದೆ ಬಿಡಪ್ಪಾ, ಎಷ್ಟ್ ಚೆನ್ನಾಗ್ ಊದ್ದೆ" ಎಂದರು. ಮಾದಿಹಳ್ಳಿಯಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರಲ್ಲ, ಹಾಗೇ ಬಾಯಿ ಮುಚ್ಚಿಕೊಂಡು ಒಪ್ಪಿಕೊಂಡೆ.

ಮೈಕು ಕೆಟ್ಟಿರಲಿಲ್ಲ, ಮೇಷ್ಟ್ರೇ.